ಅತ್ತೆ ಬಂದ್ ಮಾಡಿದ ಮೇನ್ ಸ್ವಿಚ್

ಅಣ್ಣಿಗೇರಿಯಲ್ಲಿ ನಮ್ಮದೊಂದು ಸಣ್ಣ ಫೋಟೋ ಸ್ಟುಡಿಯೊ. ಅಂಗಡಿಯಲ್ಲಿ ಇಲಿಗಳ ಕಾಟವೆಂದು, ಕಂಪ್ಯೂಟರಿನ ಫೋಟೋಗಳನ್ನೆಲ್ಲ ಕೂಡಿಡುವ, ಕರೆಂಟಿನಿಂದ ನಡೆಯುವ ಡಬ್ಬಿಯನ್ನು ನನ್ನ ಗಂಡ ಹಿಂದಿನ ಓಣಿಯ ನಮ್ಮ ಮನೆಯಲ್ಲಿಟ್ಟು, ಅಂಗಡಿಯವರೆಗೆ ವೈರ್ ಎಳೆದಿದ್ದರು. ಫೋಟೋ ತಿದ್ದುವ ಸಾಫ್ಟ್‌ವೇರ್ ತೆರೆದ ಕೂಡಲೇ ಅಂಗಡಿಯ ಕಂಪ್ಯೂಟರ್ ಮೊದಲು ಆ ಡಬ್ಬಿಯನ್ನು ಹುಡುಕುತ್ತಿತ್ತು. ಸಿಗದಿದ್ದರೆ ಬಿಟ್ಟು ಮುಂದೆ ಹೋಗುವ ಬುದ್ಧಿ ಅದಕ್ಕಿರಲಿಲ್ಲ, ಕಾಯುತ್ತ ಕೂರುತ್ತಿತ್ತು. ತಾಳಿದವನು ಬಾಳಿಯಾನು ಅನ್ನುವ ಮಾತನ್ನು ಆ ಕಂಪ್ಯೂಟರ್ ನಂಬಿತ್ತು. ನಾನಂತೂ ಎಂದೂ ನಂಬಿದವಳಲ್ಲ.

ಮನೆಯಲ್ಲಿರುವವರು ಅತ್ತೆ. ನಾನು ಸೊಸೆಯಾಗಿ ಬಂದು ಆರು ವರ್ಷವಾಗಿದ್ದರೂ, ಎಲ್ಲಿಗಾದರೂ ಹೊರಟರೆ ನನಗೆ ಹೇಳಿ ಹೋದವರಲ್ಲ. ಮಗನಿಗೆ ಹೇಳುವರು, ಬಾಜೂ ಮನೆಗೂ ಹೇಳುವರು. ನನಗೆ ಮಾತ್ರ ಇಲ್ಲ. ಅದು ನನಗೆ ನೋಯುತ್ತಿತ್ತು.

ಅಂದು ಗಂಡ ಮದುವೆಯೊಂದರ ಫೋಟೋ ತೆಗೆಯಲು ಕುಂದಗೋಳಕ್ಕೆ ಹೋಗಿದ್ದರು. ಕೈಗೂಸು ಹೊತ್ತ ಹೆಣ್ಣುಮಗಳೊಬ್ಬಳು ಬಂದಳು. ಅಂಗನವಾಡಿ ಕೆಲಸದ ಅರ್ಜಿಗೆ ಫೋಟೋ ಬೇಕು, ಸಂಜೆ ಐದಕ್ಕೆ ಗಡುವು, ಮುಂದಿನ ಸಲಕ್ಕೆ ಅವಳ ವಯಸ್ಸು ಮೀರುತ್ತದೆ. ಫೋಟೋ ತೆಗೆದು ಸಾಫ್ಟ್‌ವೇರ್ ತೆರೆದೆ. ಚಕ್ರ ತಿರುಗತೊಡಗಿತು. ಮೂರು ಸಲ ಬಂದ್ ಮಾಡಿ ಚಾಲೂ ಮಾಡಿದರೂ ಅದೇ ಚಕ್ರ. ಆಗಲೇ ನಾಲ್ಕೂವರೆ. ಅತ್ತೆಗೆ ಫೋನ್ ಹಚ್ಚಿದೆ.

"ಅತ್ತೀ, ಎಲ್ಲಿ ಅದೀರಿ?"

"ಬಸ್ಸಿನ್ಯಾಗ. ಯಮನೂರ ದರ್ಗಾಕ್ಕ ಹೋಗಿದ್ದೆ. ಯಾಕವಾ?"

"ಮನಿ ಮೇನ್ ಬಂದ್ ಮಾಡೀರೇನ್ರಿ?"

"ಮತ್ತ? ಯಾರೂ ಇಲ್ಲದ ಮನಿಗೆ ಕರೆಂಟ್ ಯಾಕ ಬೇಕು? ಕೀಲಿಕೈ ನನ್ನ ಹಂತ್ಯಾಕನ ಐತಿ."

ಕೂಸು ಅಳತೊಡಗಿತು, ಅದರವ್ವನ ಕಣ್ಣೂ ತುಂಬಿದವು. ನನಗೆ ಸಿಟ್ಟು ನೆತ್ತಿಗೇರಿತು. "ಕಾಯ್ಕೊಂತ ಕೂಡು ಇನ್ನೂ!" ಎಂದು ಕಂಪ್ಯೂಟರಿಗೇ ಬೈದು, ಅದರ ಹಿಂದಿನಿಂದ ಮನೆಗೆ ಹೋಗುವ ವೈರ್ ಜಗ್ಗಿ ಕಿತ್ತೆ. ತಕ್ಷಣ ಡಬ್ಬಿ ಸಿಗುತ್ತಿಲ್ಲವೆಂಬ ಸೂಚನೆ ಬಂತು, ಫೋಟೋ ತೆರೆಯಿತು. ವೈರ್ ಇರುವಷ್ಟು ಹೊತ್ತೂ ಮನೆಯಿಂದ ಯಾರಾದರೂ ಓಗೊಟ್ಟಾರೆಂದು ಅದು ಆಸೆ ಹಿಡಿದಿತ್ತು. ಮೊಬೈಲಿನ ನೆಟ್‌ನಲ್ಲೇ ಅರ್ಜಿ ಕಳಿಸಿದಾಗ ಐದಕ್ಕೆ ಇನ್ನೂ ಆರು ನಿಮಿಷವಿತ್ತು.

ಅತ್ತೆ ಬಂದು ದರ್ಗಾದಲ್ಲಿ ಓದಿಸಿ ತಂದ ಪ್ರಸಾದದ ಸಕ್ಕರೆಯನ್ನು ನನ್ನ ಕೈಗೆ ಹಾಕಿದರು. ನಾನು ಜಗಳಕ್ಕೇ ನಿಂತಿದ್ದೆ. ಆದರೆ ಬಾಯಿಗೆ ಬಂದದ್ದು ಕಂಪ್ಯೂಟರಿನ ಮಾತು.

"ಮನ್ಯಾಗ ಯಾರೂ ಇಲ್ಲ ಅಂತ ಅದಕ್ಕ ಯಾರೂ ಹೇಳೂದಿಲ್ಲರಿ ಅತ್ತೀ. ಪಾಪ, ಕಾಯ್ಕೊಂತ ಕೂಡತೈತಿ."

ಅವರು ನನ್ನ ಮುಖವನ್ನೇ ನೋಡಿದರು. "ಹೇಳಿ ಹೋಗಬೇಕಾಗಿತ್ತು ನಾ," ಅಂದರು.

ಅಂದಿನಿಂದ ಮನೆ ಬಿಡುವ ಮುನ್ನ ಅಂಗಡಿಗೆ ಫೋನ್ ಬರುತ್ತದೆ. "ಸಂತಿಗೆ ಹೊಂಟೇನವಾ. ಮೇನ್ ಚಾಲೂ ಐತಿ, ಗಾಬರಿ ಆಗಬ್ಯಾಡ." ಬರುವಾಗ ಏನು ತರಲಿ ಎಂದೂ ಕೇಳುತ್ತಾರೆ.

ಹೋದ ವರ್ಷ ಗಂಡ ಕಂಪ್ಯೂಟರನ್ನು ಸರಿಪಡಿಸಿದರು. ಈಗ ಮನೆಯ ಡಬ್ಬಿ ಬಂದಾದರೂ ಅಂಗಡಿಯ ಕೆಲಸ ನಿಲ್ಲುವುದಿಲ್ಲ. ಇದನ್ನು ಅತ್ತೆಯ ಮುಂದೆ ಬಾಯಿಬಿಡಕೂಡದೆಂದು ಗಂಡನಿಂದ ಆಣೆ ಮಾಡಿಸಿಕೊಂಡಿದ್ದೇನೆ. ಗೊತ್ತಾದರೆ ಅವರು ಮೇನ್ ಬಂದ್ ಮಾಡಿ, ನನಗೆ ಹೇಳದೇ ಹೋಗಿಬಿಡುತ್ತಾರೆ.