ಬೆಕ್ಕಿನ ಬಾಯಿಯ ಮೀನಿನ ವಾಸನೆ

ಕಳೆದ ಸೋಮವಾರ ಬೆಳಿಗ್ಗೆ, ಊರಿಗಾಂನ ಮನೆಯಲ್ಲಿ, ನಮ್ಮ ಬೆಕ್ಕಿನ ಬಾಯಿಂದ ಮೀನಿನಂಥ ವಾಸನೆ ಬಂತು. ಅದಕ್ಕೆ ಮೊದಲಿನಿಂದಲೂ ಮೂತ್ರಪಿಂಡದ ಕಾಯಿಲೆಯಿತ್ತು. ಒಣಮೀನು ಕೊಡಲೇಬಾರದು ಎಂದು ವೈದ್ಯರು ಎಚ್ಚರಿಸಿದ್ದರು. ಅವರು ಹೇಳಿದ ಆಹಾರವನ್ನು ಅದು ಮೂಸಿಯೂ ನೋಡುತ್ತಿರಲಿಲ್ಲ. ಪಕ್ಕದ ಮನೆಯ ಸೆಲ್ವಿಯಕ್ಕ ಕದ್ದುಮುಚ್ಚಿ ಒಣಮೀನು ತಿನ್ನಿಸುತ್ತಿದ್ದಾರೆ ಎಂಬ ಅನುಮಾನದಿಂದ ನೇರವಾಗಿ ಕೇಳಿಬಿಟ್ಟೆ.

"ಪುರಟಾಸಿ ವ್ರತದ ತಿಂಗಳಮ್ಮಾ, ನಮ್ಮನೇಲಿ ಮೊಟ್ಟೆನೂ ಒಡೆಯಲ್ಲ. ಒಣಮೀನು, ಕರುವಾಡು ಎಲ್ಲಿಂದ ಬತ್ತೈತೆ? ಬೇಕಾದ್ರೆ ನನ್ ಬಾಯೂ ಮೂಸಿ ನೋಡು!" ಎಂದರು.

ನಾನು ನಂಬಲಿಲ್ಲ. ಅವರ ಅಡುಗೆಮನೆಯತ್ತ ಇಣುಕಿದೆ, ಬೇಳೆಸಾರು ಕುದಿಯುತ್ತಿತ್ತು. ಬೆಕ್ಕನ್ನು ಬಂಗಾರಪೇಟೆಯ ವೈದ್ಯರ ಬಳಿಗೆ ಒಯ್ದೆ. ಕಾಯಿಲೆ ಹೆಚ್ಚಾದಾಗ ಬಾಯಿ ಹೀಗೆ ನಾರುತ್ತದೆ, ಹಸಿವೂ ಹೋಗುತ್ತದೆ ಎಂದು ಅವರು ಡ್ರಿಪ್ ಏರಿಸಿದರು.

ಗುರುವಾರ ಸಂಜೆ ಬೆಕ್ಕು ವೈದ್ಯರು ಹೇಳಿದ ಅದೇ ಆಹಾರವನ್ನು, ನೋಡಲು ಬಂದ ಸೆಲ್ವಿಯಕ್ಕನ ಬೆರಳಿನಿಂದ ನೆಕ್ಕಿತು. ನನ್ನ ಕೈಯಿಂದ ಇನ್ನೂ ತಿಂದಿಲ್ಲ.