ಬಾಗಿಲ ಕಡೆಯ ತಟ್ಟೆ

ನನಗೆ ಒಂದು ಕಡೆ ಸುಮ್ಮನೆ ಕೂರಲು ಬರುವುದಿಲ್ಲ. ಕುರ್ಚಿಯಲ್ಲಿ ಕೂತರೂ ಕಾಲು ಕುಣಿಯುತ್ತಿರುತ್ತದೆ. ಲ್ಯಾಬಿನಲ್ಲಿ ಪಕ್ಕದವಳು ಎಷ್ಟೋ ಸಲ ನನ್ನ ಮಂಡಿಯನ್ನು ಒತ್ತಿ ಹಿಡಿದಿದ್ದಾಳೆ, ಮೇಜು ಅಲ್ಲಾಡಿದರೆ ಮೈಕ್ರೋಸ್ಕೋಪಿನಲ್ಲಿ ಏನೂ ನಿಲ್ಲುವುದಿಲ್ಲ ಅಂತ. ಈ ಚಟ ಎಲ್ಲಿಂದ ಅಂಟಿಕೊಂಡಿತು ಎಂದು ಕೇಳಿದವರಿಗೆ ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಿಂದ ಎನ್ನುತ್ತೇನೆ. ಅವರು ನಗುತ್ತಾರೆ. ನಾನೇನೂ ತಮಾಷೆಗೆ ಹೇಳುವುದಿಲ್ಲ. ಒಂಬತ್ತನೇ ವಯಸ್ಸಿನಿಂದ ಹದಿನಾಲ್ಕರವರೆಗೆ ನಾನು ಬೆಳೆದದ್ದೇ ಅಲ್ಲಿ, ಅಮ್ಮನ ಪಕ್ಕ ನಿಂತು, ತೊಡೆಯವರೆಗೆ ಬರುವ ಬ್ಯಾಗು ಹೊತ್ತು, ಬೆಂಗಳೂರಿನ ಬಸ್ಸು ಕಾಯುತ್ತಾ.

ನಾನು ಧಾರಾವಾಹಿಯಲ್ಲಿ ನಟಿಸುತ್ತಿದ್ದೆ. ಶಾಲೆಯ ವಾರ್ಷಿಕೋತ್ಸವದಲ್ಲಿ ನನ್ನನ್ನು ನೋಡಿದ ಯಾರೋ ಯಾರಿಗೋ ಹೇಳಿ, ಒಂದು ದೊಡ್ಡ ಮನೆತನದ ಕಥೆಯಲ್ಲಿ ಮಗಳ ಪಾತ್ರ ಸಿಕ್ಕಿತ್ತು. ಆ ಮನೆಯಲ್ಲಿ ದೊಡ್ಡವರೆಲ್ಲ ಒಬ್ಬರ ಮೇಲೊಬ್ಬರು ಕತ್ತಿ ಮಸೆಯುವವರು. ನಾನೊಬ್ಬಳು ಮಾತ್ರ ಸುಳ್ಳೇ ಹೇಳದ ಕೂಸು. ವಾರದಲ್ಲಿ ಮೂರು ದಿನ ಶೂಟಿಂಗು, ಉಳಿದ ದಿನ ಕೊಳ್ಳೇಗಾಲದ ಶಾಲೆ. ಅಪ್ಪನಿಗೆ ಹನೂರಿನ ಒಂದು ಕಚೇರಿಯಲ್ಲಿ ಗುಮಾಸ್ತಿಕೆ. ಅವರ ಟೇಬಲ್ಲಿಗೆ ಬಂದವರು ಅರ್ಜಿ ಕೊಡುವ ಮೊದಲು ನನ್ನ ಕ್ಷೇಮ ವಿಚಾರಿಸುತ್ತಿದ್ದರು. ಅಪ್ಪನಿಗೆ ಅದು ಇಷ್ಟವೋ ಕಷ್ಟವೋ ನನಗೆ ಇವತ್ತಿಗೂ ತಿಳಿದಿಲ್ಲ.

ನನಗೆ ಬೇಕಾಗಿದ್ದದ್ದು ಬೇರೆ. ನಮ್ಮ ವಿಜ್ಞಾನದ ಮೇಷ್ಟ್ರು ನನ್ನನ್ನು ಲೆಕ್ಕಕ್ಕೆ ಇಡಬೇಕಾಗಿತ್ತು. ಅವರು ಬೈಯುವವರಲ್ಲ, ಅದೇ ತೊಂದರೆ. ನಾನು ಹೋಂವರ್ಕ್ ತರದಿದ್ದರೆ "ನಿಂಗೆ ಪರವಾಗಿಲ್ಲ ಬುಡವ್ವ" ಎಂದು ಮುಂದಿನ ಬೆಂಚಿಗೆ ಹೋಗಿಬಿಡುವರು. ಉಳಿದವರ ಕಿವಿ ಹಿಂಡುವ ಕೈ ನನ್ನ ತಲೆ ಸವರುತ್ತಿತ್ತು. ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಗಿಡ, ಹುಳ, ನೀರು, ಬೆಂಕಿ, ಇವು ಹೀಗೇಕೆ ಎಂದು ಯೋಚಿಸುವಾಗ ಮಾತ್ರ ನನ್ನ ತಲೆಯ ಗದ್ದಲ ಸ್ವಲ್ಪ ಅಡಗುತ್ತಿತ್ತು. ಅದು ಅವರಿಗೆ ಗೊತ್ತಿರಲಿಲ್ಲ.

ಒಂಬತ್ತನೇ ಕ್ಲಾಸಿನಲ್ಲಿ ವಿಜ್ಞಾನ ಸ್ಪರ್ಧೆ ಬಂತು. ಎಲ್ಲರೂ ಥರ್ಮೋಕೋಲಿನಲ್ಲಿ ಜ್ವಾಲಾಮುಖಿ ಮಾಡುತ್ತಿದ್ದಾಗ ನಾನು ಅಜ್ಜಿಯ ಮನೆಯನ್ನು ನೆನೆದೆ. ಅಜ್ಜಿ, ಅಂದರೆ ಅಮ್ಮನ ತಾಯಿ, ಯಳಂದೂರಿನ ಹತ್ತಿರದ ಹಳ್ಳಿಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದಳು. ಮನೆಗೆ ಅಂಟಿದಂತೆ ಒಂದು ಉದ್ದನೆಯ ಹೆಂಚಿನ ಕೋಣೆ, ಅದೇ ಹುಳುಮನೆ. ಒಳಗೆ ಬಿದಿರಿನ ತಟ್ಟೆಗಳು, ತಟ್ಟೆಯ ತುಂಬ ಹಿಪ್ಪುನೇರಳೆ ಸೊಪ್ಪು, ಸೊಪ್ಪಿನ ಮೇಲೆ ಸಣ್ಣ ಮಳೆ ಬಿದ್ದಂತೆ ಸದ್ದು ಮಾಡುತ್ತಾ ಮೇಯುವ ಹುಳುಗಳು. ಹೊರಗಿನವರಿಗೆ ಅಲ್ಲಿ ಪ್ರವೇಶವಿಲ್ಲ. ಎಲೆಅಡಿಕೆ ಹೊಗೆಸೊಪ್ಪು ಹಾಕುವವರು, ಪೌಡರು ಸೆಂಟು ಬಳಿದವರು ಹೊಸಿಲು ದಾಟುವಂತಿಲ್ಲ. ಶೂಟಿಂಗಿನಿಂದ ನೇರ ಹೋದರೆ ಅಜ್ಜಿ ನನ್ನನ್ನು ಬಚ್ಚಲಿಗೆ ನೂಕಿ, ಕೂದಲಿಗೆ ಹೊಡೆದ ಸ್ಪ್ರೇ ಹೋಗುವವರೆಗೆ ಸೀಗೇಕಾಯಿ ಉಜ್ಜುತ್ತಿದ್ದಳು. ಬೆಂಗಳೂರಿನಲ್ಲಿ ನನ್ನ ಮುಖಕ್ಕೆ ಅರ್ಧ ಗಂಟೆ ಬಳಿದದ್ದನ್ನು ಅವಳು ಎರಡು ನಿಮಿಷದಲ್ಲಿ ತೊಳೆದು ಹಾಕುತ್ತಿದ್ದಳು.

ಬೆಳಗಿನ ತಂಪಿನಲ್ಲಿ ಕೊಯ್ದ ಸೊಪ್ಪು ತಿಂದ ಹುಳು ದಪ್ಪಗಾಗುತ್ತದೆ, ಮಧ್ಯಾಹ್ನ ಕೊಯ್ದದ್ದಕ್ಕೆ ಆ ಸತ್ವ ಇಲ್ಲ ಎಂದು ಅಜ್ಜಿ ಹೇಳುತ್ತಿದ್ದಳು. ನಿಜವೇ ಎಂದು ನೋಡುವುದೇ ನನ್ನ ಪ್ರಯೋಗ. ಮೂರನೇ ಜ್ವರ ಎದ್ದ ಹುಳುಗಳನ್ನು ತೆಗೆದುಕೊಂಡೆವು. ಹುಳು ಪೊರೆ ಬಿಡುವ ಮೊದಲು ಮೇವು ಬಿಟ್ಟು ಮಲಗುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಐವತ್ತು ಹುಳು ಬಾಗಿಲ ಕಡೆಯ ತಟ್ಟೆಗೆ, ಐವತ್ತು ಗೋಡೆ ಕಡೆಯ ತಟ್ಟೆಗೆ. ಬಾಗಿಲ ಕಡೆಯದಕ್ಕೆ ಬೆಳಗಿನ ಸೊಪ್ಪು, ಗೋಡೆ ಕಡೆಯದಕ್ಕೆ ಮಧ್ಯಾಹ್ನದ್ದು. ದಿನವೂ ತೂಕ ಮಾಡಿ ಬರೆಯಬೇಕು.

ದಿನವೂ ನಾನು ಎಲ್ಲಿರುತ್ತಿದ್ದೆ? ಶಾಲೆಗೆ ರಜೆ ಎಂದು ಶೂಟಿಂಗು ಹೆಚ್ಚಿಟ್ಟಿದ್ದರು, ಹನ್ನೆರಡು ದಿನದಲ್ಲಿ ಏಳು ದಿನ ಬೆಂಗಳೂರಿನಲ್ಲಿದ್ದೆ, ಐದು ದಿನ ಮಾತ್ರ ಅಜ್ಜಿಯ ಮನೆಯಲ್ಲಿ. ಅಜ್ಜಿಗೆ ಶಾಲೆಯ ಪುಟ್ಟ ತೂಕದ ಮಿಷನ್ನು ತೋರಿಸಿಕೊಟ್ಟು, ಏನಾದರೂ ಆಗಲಿ ಐವತ್ತು ಐವತ್ತೇ ಇರಬೇಕು ಎಂದು ಹತ್ತು ಸಲ ಹೇಳಿ ಹೊರಟಿದ್ದೆ. ಅವಳು ಸಂಜೆ ಫೋನಿನಲ್ಲಿ ಅಂಕಿ ಓದುತ್ತಿದ್ದಳು. ನಾನು ಮೇಕಪ್ ಕುರ್ಚಿಯಲ್ಲಿ ಕೂತು, ಒಬ್ಬರು ಜಡೆ ಎಳೆಯುತ್ತಿರುವಾಗ, ತೊಡೆಯ ಮೇಲಿನ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದೆ. ಆ ಪುಸ್ತಕ ನನ್ನ ಹತ್ತಿರ ಇನ್ನೂ ಇದೆ. ಏಳು ಪುಟದಲ್ಲಿ ಪೌಡರಿನ ಕಲೆ.

ಅಂಕಿಗಳು ಬಂದ ಬಗೆ ನೋಡಿ ನನಗೆ ಕುಣಿಯುವಂತಾಯಿತು. ಮೂರನೇ ದಿನದಿಂದ ಬಾಗಿಲ ಕಡೆಯ ಹುಳುಗಳು ಮೇಲಕ್ಕೆ, ಗೋಡೆ ಕಡೆಯವು ತೂಕದಲ್ಲಿ ಹಿಂದೆ. ಗ್ರಾಫು ಬಿಡಿಸಿದರೆ ಎರಡು ಗೆರೆ ಮುನಿಸಿಕೊಂಡ ಅಣ್ಣತಮ್ಮಂದಿರ ಹಾಗೆ ದೂರ ದೂರ. ಮೇಷ್ಟ್ರು ಅದನ್ನು ಬೆಳಕಿಗೆ ಹಿಡಿದು ನೋಡಿ, ಮೊದಲ ಸಲ ತಲೆ ಸವರದೆ, ತೂಕ ಎಷ್ಟು ಹೊತ್ತಿಗೆ ಮಾಡಿದೆ ಎಂದು ಪ್ರಶ್ನೆ ಕೇಳಿದರು. ಅವತ್ತು ನಾನು ಮನೆಗೆ ಓಡಿಕೊಂಡೇ ಹೋದೆ.

ಮೊದಲ ಸುತ್ತು ಹನೂರಿನ ಒಂದು ಶಾಲೆಯಲ್ಲಿ. ಅಪ್ಪ ಕಚೇರಿಯಿಂದ ಒಂದು ಗಂಟೆ ಪರ್ಮಿಷನ್ ಹಾಕಿ ಬಂದು, ತೀರ್ಪುಗಾರರು ಬರುವ ಮೊದಲೇ ಹೊರಟರು. ಅಜ್ಜಿ ಮದುವೆಗೆ ಉಡುವ ಸೀರೆ ಉಟ್ಟು, ಎರಡು ಬಸ್ಸು ಬದಲಿಸಿ ಬಂದು, ನನ್ನ ಚಾರ್ಟಿನ ಪಕ್ಕ ಗೋಡೆಗೆ ಒರಗಿ ನಿಂತಿದ್ದಳು. ತೀರ್ಪುಗಾರರು ನನ್ನನ್ನು ಟೀವಿಯಲ್ಲಿ ನೋಡಿದ್ದವರು. ಅದಕ್ಕೇ ಕೇಳಿದರೋ ಏನೋ, ನೀನು ಶೂಟಿಂಗಿಗೆ ಹೋದ ದಿನ ತೂಕ ಮಾಡಿದ್ದು ಯಾರು ಎಂದರು. ಅಜ್ಜಿ ಒಂದು ಹೆಜ್ಜೆ ಮುಂದೆ ಬಂದಳು.

"ನಾನೇ ಸರ್. ಆ ಹನ್ನೆರಡು ದಿನ ನಾನು ಎಲ್ಲೂ ಹೋಗಿಲ್ಲ" ಅಂದೆ.

ಯಾಕೆ ಹಾಗಂದೆ ಎಂದು ಕೇಳಿದರೆ ಉತ್ತರ ಸುಲಭ. ನಿಜ ಹೇಳಿದರೆ ಮೇಷ್ಟ್ರ ಕೈ ಮತ್ತೆ ನನ್ನ ತಲೆ ಸವರುತ್ತದೆ ಎಂಬ ಹೆದರಿಕೆ. ಮಾತು ತಾನಾಗಿ ಬಂತು, ಸ್ಪಷ್ಟವಾಗಿ, ಕಣ್ಣಲ್ಲಿ ಕಣ್ಣಿಟ್ಟು. ಧಾರಾವಾಹಿಯ ಆ ಸುಳ್ಳೇ ಹೇಳದ ಕೂಸಿನ ದನಿಯಲ್ಲೇ ಸುಳ್ಳು ಹೇಳಿದೆ. ಅಜ್ಜಿ ಮುಂದಿಟ್ಟ ಹೆಜ್ಜೆಯನ್ನು ಹಿಂದಕ್ಕೆ ತೆಗೆದುಕೊಂಡಳು. ನಾನು ಮೈಸೂರಿನ ಸುತ್ತಿಗೆ ಆಯ್ಕೆಯಾದೆ.

ವಾಪಸ್ಸು ಅಜ್ಜಿಯನ್ನು ಊರಿಗೆ ಬಿಡಲು ನಾನೂ ಹೋದೆ. ಕೊಳ್ಳೇಗಾಲ ದಾಟಿದ ಮೇಲೆ ಕುಂತೂರು ಫ್ಯಾಕ್ಟರಿಗೆ ಹೊರಟ ಕಬ್ಬಿನ ಟ್ರಾಕ್ಟರುಗಳು ಸಾಲುಗಟ್ಟಿ, ಬಸ್ಸು ನಿಂತುಬಿಟ್ಟಿತು. ಅಜ್ಜಿ ಕಿಟಕಿ ಕಡೆ ನೋಡುತ್ತಾ, ಬಾಗಿಲ ಕಡೆ ತಟ್ಟೆ ಚೆನ್ನಾಗಿ ಬಂತು ಅಲ್ವಾ ಎಂದಳು. ನಾನು ಹೂಂ ಎಂದೆ.

"ಚೆಂದಾಗ್ ಬರ್ದೆ ಇದ್ದದಾ ಕಣವ್ವ. ನೀನು ದಪ್ಪುದ್ದು ಸಣ್ಣುದ್ದು ಎಲ್ಲಾನೂ ಕಲಸ್ಬುಟ್ಟು ಓಗಿದ್ದೆ. ದಪ್ಪಗಿರವ್ನ ಬಾಗ್ಲು ಕಡೀಕೆ, ಸಣ್ಣವ್ನ ಗ್ವಾಡೆ ಕಡೀಕೆ ಆರ್ಸಿ ಆಕ್ದೆ. ಐವತ್ತು ಐವತ್ತೇ ಮಡ್ಗಿವ್ನಿ, ಒಂದೂ ತಪ್ಪಿಲ್ಲ."

ಅದನ್ನು ಎಷ್ಟು ಹೆಮ್ಮೆಯಿಂದ ಹೇಳಿದಳೆಂದರೆ, ನನಗೆ ಅರ್ಥವಾಗಲು ಒಂದು ಟ್ರಾಕ್ಟರು ಮುಂದೆ ಹೋಗುವಷ್ಟು ಹೊತ್ತು ಬೇಕಾಯಿತು. ಹುಳು ಸಾಕುವವರೆಲ್ಲ ಮಾಡುವುದೇ ಅದು. ದೊಡ್ಡ ಹುಳುಗಳ ಮಧ್ಯೆ ಸಣ್ಣವು ಮೇವು ಸಿಗದೆ ಸೊರಗುತ್ತವೆ, ಆದ್ದರಿಂದ ಗಾತ್ರ ನೋಡಿ ಬೇರೆ ಮಾಡಬೇಕು. ನಲವತ್ತು ವರ್ಷದಿಂದ ಆ ಕೈಗಳು ಯೋಚಿಸದೆ ಮಾಡುತ್ತಿದ್ದ ಕೆಲಸ. ಹೀಗಾಗಿ ನನ್ನ ಗ್ರಾಫಿನ ಎರಡು ಗೆರೆಗಳಿಗೂ ಸೊಪ್ಪಿಗೂ ಯಾವ ಸಂಬಂಧವೂ ಇರಲಿಲ್ಲ. ಹನೂರಿನಲ್ಲಿ "ನಮ್ಮಜ್ಜಿ" ಎಂದಿದ್ದರೆ ತೀರ್ಪುಗಾರರು ಅವಳನ್ನೇ ಕೇಳುತ್ತಿದ್ದರು, ಅವಳು ಇದನ್ನೇ ಹೇಳುತ್ತಿದ್ದಳು, ಅಲ್ಲೇ ಮುಗಿಯುತ್ತಿತ್ತು.

ಆಮೇಲಿನ ಎರಡು ವಾರ ನಾನು ಉಂಡದ್ದು ಮೈಗೆ ಹತ್ತಲಿಲ್ಲ. ಮೇಷ್ಟ್ರಿಗೆ ಹೇಳಲೆಂದು ಮೂರು ಸಲ ಸ್ಟಾಫ್ ರೂಮಿನ ಬಾಗಿಲವರೆಗೆ ಹೋದೆ. ಅವರು ನನ್ನ ಚಾರ್ಟಿಗೆ ತಾವೇ ಬಣ್ಣದ ಅಂಚು ಅಂಟಿಸುತ್ತಾ ಕೂತಿದ್ದರು. ಮೂರು ಸಲವೂ ನೀರು ಕುಡಿಯಲು ಬಂದವಳಂತೆ ವಾಪಸ್ಸಾದೆ. ಶೂಟಿಂಗಿನಲ್ಲಿ ಮಾತು ಮರೆಯತೊಡಗಿದೆ. ಅಲ್ಲಿ ಒಬ್ಬರು ಅಕ್ಕ ಇದ್ದರು. ಯಾವ ಶಾಟಿನಲ್ಲಿ ಯಾರ ಯಾವ ಕೈಯಲ್ಲಿ ಲೋಟ ಇತ್ತು, ಬಳೆ ಎಷ್ಟಿತ್ತು ಎಂದು ಬರೆದಿಡುವುದು ಅವರ ಕೆಲಸ. ಪ್ರತಿ ಪುಟದ ಕೆಳಗೆ ಸಹಿ ಹಾಕುತ್ತಿದ್ದರು. ಸಹಿ ಯಾಕೆ ಎಂದು ಕೇಳಿದೆ. ನಾಳೆ ತಪ್ಪು ಕಂಡರೆ ಯಾರನ್ನು ಕೇಳಬೇಕು ಅಂತ ಗೊತ್ತಾಗಬೇಕಲ್ಲ ಎಂದರು. ಸುಳ್ಳು ಕಥೆಗೆ ಇಷ್ಟು ನಿಜವಾದ ಲೆಕ್ಕ. ನನ್ನ ವಿಜ್ಞಾನದ ಪುಸ್ತಕದಲ್ಲಿ ಒಂದೂ ಸಹಿ ಇರಲಿಲ್ಲ. ನಾಚಿಕೆಯಿಂದ ನನ್ನ ಮುಖ ಆ ಮೇಕಪ್ಪಿನೊಳಗೂ ಬಿಸಿಯಾಯಿತು.

ಮೈಸೂರಿನಲ್ಲಿ ತೀರ್ಪುಗಾರರಾಗಿ ಬಂದವರು ವಯಸ್ಸಾದ ಒಬ್ಬ ಹೆಂಗಸು, ಟೀವಿ ನೋಡುವವರಲ್ಲ. ಗ್ರಾಫನ್ನು ಬಹಳ ಹೊತ್ತು ನೋಡಿ, ದಿನವೂ ತೂಕ ಮಾಡಿದ್ದು ನೀನೇನಾ ಎಂದು ಕೇಳಿದರು. ಎಲ್ಲರನ್ನೂ ಕೇಳುವ ಸಾಮಾನ್ಯ ಪ್ರಶ್ನೆ. ಮೇಷ್ಟ್ರು ನನ್ನ ಹಿಂದೆಯೇ ನಿಂತಿದ್ದರು.

"ಏಳು ದಿನ ನಮ್ಮಜ್ಜಿ ಮಾಡಿದ್ದು, ಮ್ಯಾಡಮ್. ದೊಡ್ಡ ಹುಳ ಒಂದು ಕಡೆ, ಸಣ್ಣವು ಒಂದು ಕಡೆ ಬೇರೆ ಮಾಡಿಬಿಟ್ಟಿದ್ದಾರೆ. ಈ ಅಂಕಿ ಸರಿಯಿಲ್ಲ."

ಮತ್ತೆ ಇದನ್ನು ಇಲ್ಲಿಗೆ ಯಾಕೆ ತಂದೆ ಎಂದರು ಆಕೆ, ಸಿಟ್ಟಿಲ್ಲದೆ.  ಮೇಷ್ಟ್ರು ಚಾರ್ಟು ಸುತ್ತಿ ಕಂಕುಳಲ್ಲಿಟ್ಟುಕೊಂಡರು. ಬಸ್ಸು ಹೊರಟ ಮೇಲೆ, ತಮಗೆ ಮೊದಲೇ ಯಾಕೆ ಹೇಳಲಿಲ್ಲ ಎಂದು ನನ್ನ ಕಿವಿ ಹಿಂಡಿದರು. ಚೆನ್ನಾಗಿಯೇ ಹಿಂಡಿದರು. ನನಗೆ ಅಳು ಬಂದದ್ದು ನೋವಿಗಲ್ಲ, ಸಂತೋಷಕ್ಕೆ.

ಆದರೆ ಅಜ್ಜಿಗೆ ಹೇಳುವುದು ಉಳಿದಿತ್ತು. ಅವಳ ಎದುರಿಗೆ ಸುಳ್ಳು ಹೇಳಿ, ಅವಳಿಲ್ಲದ ಕಡೆ ಹೋಗಿ ನಿಜ ಹೇಳಿ ಬಂದಿದ್ದೆ. ಬಹುಮಾನ ಯಾಕೆ ಬರಲಿಲ್ಲ ಎಂದು ಅವಳು ಕೇಳಿದಾಗ ಎಲ್ಲ ಹೇಳಿದೆ. ಹುಳು ಸಾಕಲು ಬೇರೆ ಮಾಡುವುದು ಸರಿ, ಪರೀಕ್ಷೆ ಮಾಡಲು ತಪ್ಪು ಎಂದು ಬಿಡಿಸಿ ಬಿಡಿಸಿ ಹೇಳಿದೆ. ಹದಿನಾಲ್ಕು ವರ್ಷದವಳ ವಿವರಣೆ ಎಷ್ಟು ಮುಟ್ಟಿತೋ.

"ಅಂಗಾರೆ ನನ್ ಕೈಯಿಂದ್ಲೇ ಕೆಟ್ಟೋಯ್ತಾ ಕೂಸೆ?" ಅಂದಳು. ಇಲ್ಲ ಅಜ್ಜಿ, ನನ್ನ ಬಾಯಿಂದ ಎಂದೆ. ಅವಳು ನಂಬಲಿಲ್ಲ.

ಮುಂದಿನ ಬೆಳೆಗೆ ನಾನು ಪ್ರಯೋಗವನ್ನು ಮತ್ತೆ ಮಾಡಿದೆ, ಯಾವ ಸ್ಪರ್ಧೆಗೂ ಅಲ್ಲ. ಹನ್ನೆರಡು ದಿನ ಶೂಟಿಂಗಿಗೆ ಬರುವುದಿಲ್ಲ ಎಂದು ಅಮ್ಮನಿಂದ ಹೇಳಿಸಿದೆ. ಅಮ್ಮ ಎರಡು ದಿನ ಮಾತು ಬಿಟ್ಟಳು, ಆಮೇಲೆ ಫೋನು ಮಾಡಿದಳು. ಧಾರಾವಾಹಿಯವರು ಒಂದೇ ಮಾತಿನಲ್ಲಿ ಕೆಲಸ ಮುಗಿಸಿದರು. ಮಗು ಅಜ್ಜಿ ಮನೆಗೆ ಹೋಗಿದೆ ಎಂದು ಆ ಮನೆಯ ಸೊಸೆ ಯಾರಿಗೋ ಕಾಫಿ ಕೊಡುತ್ತಾ ಹೇಳಿದಳು. ಆ ಮಗು ಅಲ್ಲಿಂದ ವಾಪಸ್ಸು ಬರಲೇ ಇಲ್ಲ, ನನ್ನ ಶೂಟಿಂಗೂ ಅಲ್ಲಿಗೆ ಮುಗಿಯಿತು. ಅಜ್ಜಿಯ ಬೀದಿಯವರು ಮಾತ್ರ ಟೀವಿಯವರು ಹೇಳಿದ್ದು ನಿಜವೇ ಎಂದು ನನ್ನನ್ನು ನೋಡಲು ಬಂದರು, ಹೊಸಿಲ ಹೊರಗೇ ನಿಂತು.

ಈ ಸಲ ಎರಡು ಗೆರೆಗಳೂ ಒಂದರ ಮೇಲೊಂದು ಹೊರಳಾಡುತ್ತಾ ಹೋದವು. ಒಂದು ದಿನ ಈ ತಟ್ಟೆ ಹೆಚ್ಚು, ಮರುದಿನ ಆ ತಟ್ಟೆ. ಹೇಳಿಕೊಳ್ಳುವಂಥ ವ್ಯತ್ಯಾಸ ಏನೂ ಇರಲಿಲ್ಲ. ಅಜ್ಜಿ ಆ ಹನ್ನೆರಡು ದಿನ ಉಳಿದ ತಟ್ಟೆಗಳನ್ನೆಲ್ಲ ನೋಡಿಕೊಂಡಳು, ನನ್ನ ಎರಡಕ್ಕೆ ಕೈ ಹಾಕಲಿಲ್ಲ. ನಾಲ್ಕನೇ ಜ್ವರ ಎದ್ದ ಮಾರನೆಯ ಬೆಳಿಗ್ಗೆ ನಾನು ತೂಕ ಮಾಡುತ್ತಿದ್ದೆ. ಅವಳು ಸೊಪ್ಪಿನ ಕುಕ್ಕೆ ಇಳಿಸಿ, ಬಾಗಿಲ ಕಡೆಯ ತಟ್ಟೆಯನ್ನೇ ನೋಡುತ್ತಾ ನಿಂತಳು. ಅದರಲ್ಲಿ ಒಂದು ಸಣ್ಣ ಹುಳು. ದೊಡ್ಡವು ಅದರ ಬೆನ್ನು ಹತ್ತಿಳಿದು ಮೇಯುತ್ತಿದ್ದವು, ಅದಕ್ಕೆ ಎಲೆಯ ಅಂಚೂ ಸಿಗುತ್ತಿರಲಿಲ್ಲ. ಅವಳ ಬೆರಳು ತಾನಾಗಿ ಮುಂದೆ ಬಂದು ಅರ್ಧಕ್ಕೆ ನಿಂತಿತು.

"ಇದ್ನ ಮುಟ್ಬೋದಾ ಕೂಸೆ?"

ತನ್ನ ಹುಳುಮನೆಯಲ್ಲಿ, ತನ್ನ ಹುಳು ಮುಟ್ಟಲು, ನನ್ನನ್ನು ಕೇಳುತ್ತಿದ್ದಳು.  ಹೂಂ ಎಂದರೆ ಮತ್ತೆ ಅದೇ ತಪ್ಪು.

"ಬೇಡ ಅಜ್ಜಿ" ಎಂದೆ.

ಅವಳು ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು, ಕುಕ್ಕೆ ಎತ್ತಿ ಪಕ್ಕದ ಸಾಲಿಗೆ ಹೋದಳು. ಆ ಹುಳು ಮೂರನೇ ದಿನ ಸತ್ತಿತು. ಮೊದಲು ಕಂಡದ್ದು ಅವಳೇ, ಕರೆದು ತೋರಿಸಿದಳು. ಬಾಗಿಲ ಕಡೆಯ ತಟ್ಟೆ, ನಲವತ್ತೊಂಬತ್ತು, ಎಂದು ಬರೆದು ಕೆಳಗೆ ನನ್ನ ಸಹಿ ಹಾಕಿದೆ. ಕಂಡವರ ಸಹಿಯೂ ಇರಲಿ ಎಂದು ಪೆನ್ಸಿಲ್ಲನ್ನು ಅಜ್ಜಿಯ ಕಡೆ ಚಾಚಿದೆ. ಅವಳಿಗೆ ಸಹಿ ಹಾಕಲು ಬರುತ್ತಿತ್ತು.

"ನೀನೇ ಬರ್ಕೊ ಕಣವ್ವ" ಎಂದಳು. "ನಂದು ಬ್ಯಾಡ."