ತೂಕದ ಮೇಲಿನ ಕೊಸರು

ಹುರಿದ ಶೇಂಗಾ ಬೆಳ್ಳುಳ್ಳಿಯ ಜೊತೆ ಒರಳಿಗೆ ಬಿದ್ದಾಗ ಏಳುವ ವಾಸನೆ ಈಗಲೂ ಎಲ್ಲಾದರೂ ಮೂಗಿಗೆ ತಾಗಿದರೆ ನನಗೆ ಮೊದಲು ಬರುವುದು ಸಿಟ್ಟು. ದುಃಖ ಆಮೇಲೆ, ನಿಧಾನಕ್ಕೆ ಬರುತ್ತದೆ. ಪುಣೆ ಕ್ಯಾಂಪಿನ ಓಣಿಯೊಂದರಲ್ಲಿ ಅಪ್ಪನ ಹಿಂಡಿ ಅಂಗಡಿ ಇತ್ತು. ನೀವು ಚಟ್ನಿಪುಡಿ ಅನ್ನುವುದನ್ನು ನಮ್ಮ ವಿಜಾಪುರದ ಕಡೆ ಹಿಂಡಿ ಅನ್ನುತ್ತೇವೆ. ಮುಂದೆ ಅಂಗಡಿ, ಹಿಂದೆ ಎರಡು ಖೋಲಿಯ ಮನೆ, ನಡುವೆ ಒಂದು ಪರದೆ. ನನ್ನ ಶಾಲೆಯ ರಿಬ್ಬನ್ನಿಗೂ ಖಾರದ ಘಾಟು ಹತ್ತಿರುತ್ತಿತ್ತು. ಹಿಂದೆ ಅವ್ವ ಕುಟ್ಟುವಳು, ಮುಂದೆ ಅಪ್ಪ ತೂಗುವನು. ತಕ್ಕಡಿ ಸಮನಾಗಿ ನಿಂತ ಮೇಲೆ, ಪೊಟ್ಟಣದ ಬಾಯಿ ಮಡಚುವ ಮುನ್ನ, ಅವನ ಕೈ ಮತ್ತೊಮ್ಮೆ ಡಬ್ಬಿಗೆ ಹೋಗಿ ಒಂದಿಷ್ಟು ಕೊಸರು ತಂದು ಹಾಕುತ್ತಿತ್ತು. ಪುಣೆಯದೇ ಕೊಂಢವಾ ಬಡಾವಣೆಯಲ್ಲಿ ಕಟ್ಟಡ ಕೆಲಸಕ್ಕೆ ದುಡಿಯುತ್ತಿದ್ದ ನಮ್ಮ ಕಡೆಯ ಹೆಂಗಸರು ರವಿವಾರ ಬರುತ್ತಿದ್ದರು. ಕೊಸರು ಬೀಳುವ ತನಕ ಪೊಟ್ಟಣಕ್ಕೆ ಕೈ ಚಾಚುತ್ತಿರಲಿಲ್ಲ. "ನಿಮ್ಮ ತಕ್ಕಡಿಕಿಂತ ನಿಮ್ಮ ಕೈ ಭಾಳ ಛಲೋ ಅದ ಬಿಡ್ರಿ ಅಣ್ಣಾ" ಅಂತ ಒಬ್ಬಳು ಅಂದರೆ ಅಪ್ಪ ವಾರವಿಡೀ ಹಿಗ್ಗುತ್ತಿದ್ದ. ಪರದೆಯ ಹಿಂದೆ ಅವ್ವನ ಕುಟ್ಟು ಜೋರಾಗುತ್ತಿತ್ತು.

ನಾನು ಕಾಮರ್ಸ್ ಓದುವ ಹೊತ್ತಿಗೆ ಊರಲ್ಲಿ ಗಾಜಿನ ಬಾಗಿಲಿನ ದೊಡ್ಡ ಅಂಗಡಿಗಳು ಬಂದವು. ಗಿರಾಕಿಗಳು ಕರಗಿದರು, ಜಾಗದ ಮಾಲೀಕ ಖಾಲಿ ಮಾಡಿ ಎನ್ನತೊಡಗಿದ. ಸಣ್ಣ ಉದ್ಯಮಗಳ ಸವಾಲುಗಳನ್ನು ವಿವರಿಸಿ ಎಂಬ ಪ್ರಶ್ನೆಗೆ ನಾನು ಬಂಡವಾಳ, ಮಾರುಕಟ್ಟೆ, ತಂತ್ರಜ್ಞಾನ ಎಂದು ಪುಟ ತುಂಬಿಸಿ ಒಳ್ಳೆಯ ಅಂಕ ತೆಗೆದೆ. ನಮ್ಮ ಮನೆಯ ಸವಾಲು ಪಠ್ಯಪುಸ್ತಕದಲ್ಲಿರಲಿಲ್ಲ. ಹಾಗೂ ಹೀಗೂ ಒಂದು ದೊಡ್ಡ ಅಂಗಡಿ ನಮ್ಮ ಹಿಂಡಿ ಇಟ್ಟುಕೊಳ್ಳಲು ಒಪ್ಪಿತು. ಇದೊಂದು ಕುದುರಿದರೆ ನಾವು ಓಣಿ ಬಿಡಬೇಕಿರಲಿಲ್ಲ. ಅವ್ವ ರಟ್ಟೆ ಸೋಲುವಷ್ಟು ಕುಟ್ಟಿದಳು. ನಾನು ತೂಕ ಬರೆದ ಲೇಬಲ್ ಅಚ್ಚು ಹಾಕಿಸಿ ತಂದೆ, ಸೀಲ್ ಮಾಡಲು ಕೂತೆ. ಅಪ್ಪನ ಪಾಲಿಗೆ ಉಳಿದದ್ದು ತೂಗುವ ಕೆಲಸ ಮಾತ್ರ.

ಟೆಂಪೊದಲ್ಲಿ ಹೋದ ಮಾಲೆಲ್ಲ ಅದೇ ಟೆಂಪೊದಲ್ಲಿ ವಾಪಸ್ ಬಂತು. ಅಲ್ಲಿಯ ಮ್ಯಾನೇಜರ್ ಫೋನಿನಲ್ಲಿ ಸೌಜನ್ಯದಿಂದಲೇ ಹೇಳಿದರು: ಒಂದು ಪಾಕೀಟೂ ಲೇಬಲ್ಲಿಗೆ ಹೊಂದುತ್ತಿಲ್ಲ, ಎಲ್ಲವೂ ಹೆಚ್ಚು, ಅದೂ ಒಂದೊಂದು ಒಂದೊಂದು ಥರ, ಸರಿಮಾಡಿ ಕಳಿಸಿದರೆ ಇನ್ನೊಮ್ಮೆ ನೋಡುತ್ತೇವೆ.

"ಕೊಸರು ಹಾಕೇನಿ" ಎಂದ ಅಪ್ಪ, ಅದರಲ್ಲಿ ಕೇಳುವುದೇನಿದೆ ಎಂಬಂತೆ.

"ಯಾರಿಗೆ ಹಾಕಿದಿ ಅಪ್ಪಾ? ಅಲ್ಲಿ ಗಿರಾಕಿ ಯಾರು ಅಂತ ನಿನಗ ಗೊತ್ತದ ಏನು?"

"ಗೊತ್ತಿಲ್ಲ ಅಂತ ಬರೇ ತೂಕ ಕೊಡೂದನ?"

ಇಂಥ ಮನುಷ್ಯನಿಗೆ ಏನು ಹೇಳುತ್ತೀರಿ. ಅವ್ವ ಮಾತ್ರ ಸಮಾಧಾನದಿಂದ, ಪಾಕೀಟು ಒಡೆದು ಹೆಚ್ಚಾದಷ್ಟನ್ನು ತೆಗೆದುಬಿಡೋಣ, ಅಂಗಡಿ ಉಳಿಯುತ್ತದೆ ಎಂದಳು.

"ಕೊಟ್ಟದ್ದನ್ನ ತಗಿಯಾಕ ನನ್ನ ಕೈ ಬರೂದಿಲ್ಲ."

"ನಿಮ್ಮ ಕೈ ನಿಮ್ಮ ಹತ್ರನ ಇರ್ಲಿ. ನಾನ ತಗೀತೀನಿ" ಎಂದು ಅವ್ವ ಕತ್ತರಿ ತರಲು ಒಳಗೆ ಹೋದಳು, ಹಿಂದೆಯೇ ನಾನೂ ಹೋದೆ. ಅದು ರವಿವಾರ. ನಾವಿಬ್ಬರೂ ಪರದೆ ಸರಿಸಿ ಹೊರಬರುವಷ್ಟರಲ್ಲಿ ಕೊಂಢವಾದ ಹೆಂಗಸರು ಬಂದಿದ್ದರು. ಅಪ್ಪ ವಾಪಸ್ ಬಂದ ಪಾಕೀಟುಗಳನ್ನೇ ಮಾರುತ್ತಿದ್ದ. ಒಂದೊಂದರ ಸೀಲ್ ಹರಿದು, ಡಬ್ಬಿಗೆ ಕೈ ಹಾಕಿ, ಇನ್ನೊಂದಿಷ್ಟು ಸೇರಿಸಿ ಕೊಡುತ್ತಿದ್ದ. ಅವ್ವ ಕತ್ತರಿಯನ್ನು ಗಲ್ಲಾಪೆಟ್ಟಿಗೆಯ ಮೇಲಿಟ್ಟು ಒಳಗೆ ಹೋದಳು. ಆ ದಿನ ಮತ್ತೆ ಕುಟ್ಟಲಿಲ್ಲ.

ಅಂಗಡಿ ಹೋಯಿತು. ಅಲ್ಲೀಗ ಮೊಬೈಲ್ ಕವರ್ ಮಾರುತ್ತಾರೆ. ಅಪ್ಪನೂ ಹೋದ. ಅವನ ಮೇಲಿನ ಸಿಟ್ಟನ್ನು ಮಾತ್ರ ನಾನು ಜೋಪಾನವಾಗಿ ಇಟ್ಟುಕೊಂಡಿದ್ದೆ. ನ್ಯಾಯ ನನ್ನ ಕಡೆಗೇ ಇತ್ತಲ್ಲ.

ಮೊನ್ನೆ ಗಾಜಿನ ಬಾಗಿಲಿನ ಅಂಥದೇ ಒಂದು ಅಂಗಡಿಯಲ್ಲಿ ಬಿಡಿಯಾಗಿ ಹಿಂಡಿ ಕೊಂಡೆ. ಕೌಂಟರಿನ ಹುಡುಗಿ ಯಂತ್ರದ ಮೇಲಿಟ್ಟಳು, ತೂಕ ಕೂದಲೆಳೆಯಷ್ಟೂ ತಪ್ಪಿರಲಿಲ್ಲ, ಚೀಲ ನನ್ನ ಕೈಗಿತ್ತಳು. ನಾನು ಅದರ ಬಾಯಿ ಅಗಲಿಸಿ ಹಿಡಿದು ನಿಂತೇ ಇದ್ದೆ.

"ಆಣಖಿ ಕಾಯ್ ಪಾಹಿಜೆ, ತಾಈ?" ಇನ್ನೇನು ಬೇಕೆಂದು ಅವಳು ಮರಾಠಿಯಲ್ಲಿ ಕೇಳಿದಳು.

ಏನಿಲ್ಲ ಎಂದೆ. ತೆರೆದೇ ಹಿಡಿದಿದ್ದ ಚೀಲದ ಬಾಯಿಯನ್ನು ಆಗ ಮಡಚಿದೆ.